ಕಾರಿನೊಳಗಿನ ಹಳದಿ ಆಮೆ

ಮೊದಲ ಸಲ ಅದು ಹೊತ್ತಿಕೊಂಡಾಗ ನನಗೆ ಆಮೆ ಎನಿಸಿತು. ಸ್ಟೀರಿಂಗಿನ ಹಿಂದೆ, ಸ್ಪೀಡು ತೋರಿಸುವ ಮುಳ್ಳಿನ ಪಕ್ಕದಲ್ಲಿ, ಹಳದಿ ಬಣ್ಣದ ಒಂದು ಪುಟ್ಟ ಆಮೆ. ಚಪ್ಪಟೆ ಬೆನ್ನು, ಮುಂದೆ ಚಾಚಿದ ಮೂತಿ, ಹಿಂದೆ ಗಿಡ್ಡ ಬಾಲ. ಪಾಂಡವಪುರದ ಮಾರ್ಕೆಟ್ಟಿನಿಂದ ಸೊಪ್ಪು, ಅವರೆಕಾಯಿ ತುಂಬಿಕೊಂಡು ಮನೆಗೆ ಬರುತ್ತಿದ್ದೆ. ಅವರೆಕಾಯಿಯ ಸೊಗಡು ಕಾರಿನ ತುಂಬ ಇತ್ತು. ದೀಪ ಕೆಂಪಗಿದ್ದಿದ್ದರೆ ಹೆದರುತ್ತಿದ್ದೆನೇನೋ. ಹಳದಿಯನ್ನು ಕಂಡು ಹೆದರಬೇಕೆಂದು ನಮಗೆ ಯಾರೂ ಕಲಿಸಿಲ್ಲ. ಅರಿಶಿನವೂ ಅದೇ ಬಣ್ಣ, ಸೇವಂತಿಗೆಯೂ ಅದೇ ಬಣ್ಣ. ಹಾಗಾಗಿ ಆಮೆಯನ್ನು ಜೊತೆಗಿಟ್ಟುಕೊಂಡೇ ನಿಧಾನವಾಗಿ ಮನೆಯವರೆಗೂ ಬಂದೆ.

ನಿಮಗೂ ಹೀಗಾಗುತ್ತದೋ ಇಲ್ಲವೋ ತಿಳಿಯದು. ಏನಾದರೊಂದು ಆಕಾರ ಕಂಡರೆ ಸಾಕು, ನನ್ನ ಮನಸ್ಸು ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲಿಗೋ ಹೊರಟುಬಿಡುತ್ತದೆ. ಆ ದಿನ ಅದು ಕೆ.ಆರ್.ಎಸ್.ಗೆ ಹೋಯಿತು. ನಮ್ಮಪ್ಪ ಅಲ್ಲಿ ಅಣೆಕಟ್ಟೆಯ ಗೇಟುಗಳಿಗೆ ಗ್ರೀಸು ಹಚ್ಚುವ ಕೆಲಸದಲ್ಲಿದ್ದರು. ನಾವಿದ್ದ ಕ್ವಾರ್ಟರ್ಸಿನ ಹಿಂದೆ ಒಂದು ಸಣ್ಣ ಕಾಲುವೆ, ಕಾಲುವೆಯ ನಡುವೆ ಒಂದು ಬಂಡೆ, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಕೂತ ಒಂದು ಆಮೆ. ನಾನೂ ನಮ್ಮಕ್ಕನೂ ಸ್ಕೂಲಿನಿಂದ ಬಂದವರೇ ಚೀಲ ಬಿಸಾಕಿ ಅದನ್ನು ನೋಡಲು ಓಡುತ್ತಿದ್ದೆವು. ನದಿಗೆ ನೀರು ಬಿಡುವ ಮುಂಚೆ ಅಣೆಕಟ್ಟೆಯ ಕಡೆಯಿಂದ ಸೈರನ್ ಕೂಗುತ್ತಿತ್ತು. ಅಮ್ಮ ಗಾಬರಿಯಿಂದ ಬಂದು ನಮ್ಮಿಬ್ಬರ ರೆಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಆಮೆ ಬಂಡೆಯಿಂದ ನೀರಿಗೆ ಜಾರುತ್ತಿತ್ತು. ಅಪ್ಪ ಮಾತ್ರ ನಗುತ್ತಿದ್ದರು. "ಕೂಗಾದು ಒಳ್ಳೇದಕ್ಕೇ ಕಣ್ರವ್ವ, ಮುಂಚೇನೇ ಏಳ್ತಾ ಅದಲ್ಲ" ಎನ್ನುತ್ತಿದ್ದರು. ಆ ಮಾತು ಆಗ ನಮಗೆ ಅರ್ಥವಾಗಿರಲಿಲ್ಲ, ನಮಗೆ ಆಮೆ ಹೋದದ್ದೇ ಬೇಸರ.

ಇಷ್ಟೆಲ್ಲ ನೆನೆಸಿಕೊಳ್ಳುತ್ತ ಮನೆ ಮುಂದಿನ ಹೊಂಗೆ ಮರದ ನೆರಳಿಗೆ ಕಾರು ತಂದು ನಿಲ್ಲಿಸಿದೆ. ನಮ್ಮ ಯಜಮಾನರು ಅಲ್ಲೇ ನಿಂತಿದ್ದರು. ಆ ಹೊತ್ತಿನಲ್ಲಿ ಗದ್ದೆಯ ಪಂಪ್‌ಸೆಟ್ಟಿನ ಹತ್ತಿರ ಇರಬೇಕಾದ ಮನುಷ್ಯ. ಕಿಟಕಿಯೊಳಕ್ಕೆ ತಲೆ ಹಾಕಿ, ನಾನು ತೋರಿಸುವ ಮೊದಲೇ ದೀಪವನ್ನು ನೋಡಿದರು.

"ಎಂಜಿನ್ ಲೈಟು ಕಣಮ್ಮಿ ಅದು. ಎಂಜಿನ್ನು ಕೈ ಕೊಡ್ತಾ ಅದೆ."

"ಚೆನ್ನಾಗೇ ಓಡ್ತಲ್ಲ ರೀ?"

"ಈಗ ಓಡ್ತು. ಚಿನಕುರಳಿ ದಾಟಿದ ಮ್ಯಾಕೆ ನಿಂತೋದ್ರೆ ಏನ್ ಮಾಡೀಯೆ? ಬುಧವಾರ ಬ್ಯಾಡ ಬುಡು. ನಿಮ್ಮಕ್ಕನ್ನ ನೋಡ್ಬೇಕಾದ್ರೆ ಬಸ್ಸಲ್ಲಿ ಓಗಿ ಬಾ. ಗ್ಯಾರೇಜಿನ ಮಂಜ ಬ್ಯಾರೆ ನಾಗಮಂಗಲಕ್ಕೆ ಮದುವೆಗೆ ಓಗವ್ನೆ, ಶುಕ್ರವಾರ ಬತ್ತಾನಂತೆ."

ಅಂದು ಸೋಮವಾರ. ಅವರು ಅಷ್ಟು ಹೇಳಿ ಹೆಗಲ ಮೇಲಿನ ಟವಲ್ ಕೊಡವಿಕೊಂಡು ಗದ್ದೆಗೆ ಹೊರಟುಹೋದರು. ನಾನು ಅವರೆಕಾಯಿ ಚೀಲ ಹಿಡಿದುಕೊಂಡು ನಿಂತೇ ಇದ್ದೆ. ಬುಧವಾರ ಬೇಡ ಎಂದರೆ ಏನು ಬೇಡವಾಗುತ್ತದೆ ಎಂಬುದು ನನಗೂ ನಮ್ಮಕ್ಕನಿಗೂ ಮಾತ್ರ ಗೊತ್ತಿತ್ತು.

ಅದನ್ನು ಹೇಳಬೇಕಾದರೆ ಮತ್ತೆ ಕೆ.ಆರ್.ಎಸ್.ಗೆ ಹೋಗಬೇಕು, ಬೇಸರಪಟ್ಟುಕೊಳ್ಳಬೇಡಿ. ನಮ್ಮ ಕ್ವಾರ್ಟರ್ಸಿನಿಂದ ಮೈಸೂರಿಗೆ ಹೋಗುವ ಬಸ್ಸುಗಳಲ್ಲಿ ಆಗೆಲ್ಲ ಡ್ರೈವರ್ ಪಕ್ಕದಲ್ಲೇ ಎಂಜಿನ್ನು ಇರುತ್ತಿತ್ತು. ಅದರ ಮೇಲೆ ದಪ್ಪ ರೆಕ್ಸಿನ್ ಹೊದಿಸಿದ ಉಬ್ಬು ಮುಚ್ಚಳ. ಬಾನೆಟ್ಟು ಎನ್ನುತ್ತಿದ್ದೆವು. ಸೀಟು ಸಿಗದ ಸಣ್ಣ ಮಕ್ಕಳನ್ನು ಕಂಡಕ್ಟರು ಅದರ ಮೇಲೆ ಕೂರಿಸುತ್ತಿದ್ದ. ತೊಡೆಯ ಕೆಳಗೆ ಬೆಚ್ಚಗೆ, ಬಸ್ಸು ಏರು ಹತ್ತುವಾಗ ಹಲ್ಲೆಲ್ಲ ಜುಂ ಎನ್ನುತ್ತಿತ್ತು. ಮುಂದೆ ದೊಡ್ಡ ಗಾಜು, ಗಾಜಿಗೆ ಕಟ್ಟಿದ ಹೂವಿನ ಹಾರ, ಊದುಬತ್ತಿಯ ಹೊಗೆ, ಡೀಸೆಲ್ಲಿನ ವಾಸನೆ. ನಾನು ಚಿಕ್ಕವಳು, ಆ ಬಾನೆಟ್ಟು ನನ್ನ ಪಾಲಿಗೆ. ನಮ್ಮಕ್ಕ ಸರಸ ನನಗಿಂತ ಕೆಲವೇ ವರ್ಷಕ್ಕೆ ದೊಡ್ಡವಳಾದರೂ ಲಂಗ ದಾವಣಿ ಉಡಲು ಶುರುಮಾಡಿದ್ದಳು. ಹಾಗಾಗಿ ಅವಳನ್ನು ಅಮ್ಮ ತನ್ನ ಸೆರಗಿನ ಮರೆಗೇ ಸೇರಿಸಿಕೊಂಡು ಹಿಂದೆ ನಿಲ್ಲಿಸಿಕೊಳ್ಳುತ್ತಿದ್ದಳು.

ಮನೆಗೆ ಬಂದು ಮಲಗಿದ ಮೇಲೆ ಅಕ್ಕ ಮೆಲ್ಲಗೆ ಕೇಳುತ್ತಿದ್ದಳು, "ಮುಂದುಗಡೆ ಏನ್ ಕಾಣ್ತದೆ ಏಳೇ." ನಾನು ಕೊಂಚ ನಿಜ, ಕೊಂಚ ಸುಳ್ಳು ಸೇರಿಸಿ ಹೇಳುತ್ತಿದ್ದೆ. ಒಂದು ಸಲ ಆನೆ ಅಡ್ಡ ಬಂತು ಎಂದೂ ಹೇಳಿದ್ದುಂಟು. ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಪೂರಾ ನಿಜ. "ರಸ್ತೆ ನಮ್ಮೊಳಕ್ಕೇ ಬತ್ತದೆ ಕಣಕ್ಕ" ಎಂದಿದ್ದೆ. ಅವಳು ಅದನ್ನು ತನ್ನಲ್ಲೇ ಇಟ್ಟುಕೊಂಡಳು.

ಆಮೇಲೆ ಅಕ್ಕನನ್ನು ಕೆ.ಆರ್. ಪೇಟೆಗೆ ಕೊಟ್ಟರು, ನನ್ನನ್ನು ಪಾಂಡವಪುರಕ್ಕೆ. ಬಸ್ಸು ಹೋಗಿ ಕಾರುಗಳು ಬಂದವು. ನಮ್ಮ ಕಡೆ ಒಂದು ಕಾರು ಮನೆ ಬಿಟ್ಟು ಹೊರಟರೆ ಯಾರು ಎಲ್ಲಿ ಕೂರಬೇಕೆಂದು ಯಾರೂ ಕೇಳುವುದಿಲ್ಲ. ಮುಂದಿನ ಸೀಟು ಹಿರಿಯ ಗಂಡಸಿಗೆ. ಹಿರಿಯರಿಲ್ಲದಿದ್ದರೆ ಅಳಿಯನಿಗೆ. ಅಳಿಯನೂ ಇಲ್ಲದಿದ್ದರೆ ಮೂಗು ಸುರಿಸುವ ಯಾವುದಾದರೂ ಗಂಡು ಹುಡುಗನಿಗೆ. ಹೆಂಗಸರು, ಊಟದ ಡಬ್ಬಿ, ಹೂವಿನ ಬುಟ್ಟಿ, ವಾಂತಿ ಮಾಡುವ ಮಕ್ಕಳು ಎಲ್ಲ ಹಿಂದೆ. ಹಿಂದೆಯೂ ಅಕ್ಕನಿಗೆ ನಡುವಿನ ಜಾಗ, ಯಾಕೆಂದರೆ ಅವಳು ಸಣ್ಣಗಿದ್ದಾಳೆ. ಮೇಲುಕೋಟೆಗೆ, ಶ್ರೀರಂಗಪಟ್ಟಣಕ್ಕೆ, ನೆಂಟರಿಷ್ಟರ ಮದುವೆಗಳಿಗೆಲ್ಲ ಅವಳು ಹೋಗಿದ್ದಾಳೆ, ಆದರೆ ದಾರಿಯನ್ನು ನೋಡಿದ್ದೆಲ್ಲ ಎರಡು ಗಂಡು ತಲೆಗಳ ನಡುವಿನ ಸಂದಿಯಲ್ಲಿ.

ಐವತ್ತು ದಾಟಿದ ಮೇಲೆ ನಾನು ಕಾರು ಕಲಿತೆ. ಯಜಮಾನರಿಗೆ ಟ್ರಾಕ್ಟರು ಬರುತ್ತದೆ, ಕಾರು ಆಗುವುದಿಲ್ಲ. ಕಾರಿನಲ್ಲಿ ಕೂತರೆ ಗುಂಡಿಯೊಳಗೆ ಕೂತ ಹಾಗಾಗುತ್ತದೆ, ಬದು ಕಾಣುವುದಿಲ್ಲ ಎಂದು ಅವರ ದೂರು. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾರು ತಂದಾಗ ಸ್ಟೀರಿಂಗು ನನ್ನ ಕೈಗೆ ಬಂತು. ನಾನು ಲೈಸೆನ್ಸು ತಂದ ದಿನ ಅಕ್ಕ ಫೋನಿನಲ್ಲಿ, "ಅಂಗಾದ್ರೆ ಇನ್ಮ್ಯಾಕೆ ನಾನು ಮುಂದುಗಡೆ ಕುಂತ್ಕೊಬೋದು ಅನ್ನು" ಎಂದಳು. ಎಂಥ ಆಸೆ ನೋಡಿ. ಚಿನ್ನ ಕೇಳಲಿಲ್ಲ, ಕಾಶಿ ಕೇಳಲಿಲ್ಲ, ಒಂದು ಸೀಟು ಕೇಳಿದಳು.

ಅದೂ ಸಿಗಲಿಲ್ಲ. ಮಾರ್ಕೆಟ್ಟು ದಾಟಿ ದೂರಕ್ಕೆ ನಾನು ಕಾರು ತೆಗೆದರೆ ಯಜಮಾನರು ಪಕ್ಕದಲ್ಲಿ ಹಾಜರು. ಬಸ್ಸಿನಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಅವರ ಹಸಿರು ಗೀರಿನ ಇನ್ನೊಂದು ಟವಲ್ ಎಡಗಡೆಯ ಸೀಟಿನ ಮೇಲೆ ಸದಾ ಬಿದ್ದಿರುತ್ತಿತ್ತು. ಕಾರು ಹೊರಟಿತೆಂದರೆ ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ತುಳಿಯಲು ಶುರುಮಾಡುತ್ತದೆ. ಆ ಕಡೆಯ ಮ್ಯಾಟು ಸವೆದು ಅವರ ಹಿಮ್ಮಡಿಯ ಗುರುತು ಬಿದ್ದಿದೆ. ಅಕ್ಕನ ಮನೆಗೆ ಹೋದಾಗಲೂ ಅವರು ಮುಂದೆ, ಅಕ್ಕ ಹಿಂದೆ. ಡ್ರೈವರು ತಂಗಿಯೇ ಆದರೂ ಎರಡು ತಲೆಗಳ ಸಂದಿ ತಪ್ಪಲಿಲ್ಲ.

ಈ ಬುಧವಾರ ಆ ಸಂದಿ ತಪ್ಪುವುದಿತ್ತು. ನಾನೊಬ್ಬಳೇ ಕೆ.ಆರ್. ಪೇಟೆಗೆ ಹೋಗಿ, ಅಕ್ಕನನ್ನು ಮುಂದೆ ಕೂರಿಸಿಕೊಂಡು, ಇಬ್ಬರೇ ಹೇಮಗಿರಿಗೆ ಹೋಗಿ ಹೊಳೆ ನೋಡಿ ಬರುವುದೆಂದು ಮಾತಾಗಿತ್ತು. ಗುರುವಾರ ಅಕ್ಕ ದಾವಣಗೆರೆಗೆ ಹೊರಡುತ್ತಾಳೆ. ಅವಳ ಮಗಳಿಗೆ ದಿನ ತುಂಬುತ್ತಿದೆ, ಡಾಕ್ಟರು ಓಡಾಟ ಬೇಡ ಎಂದಿದ್ದರಿಂದ ತಾಯಿಯೇ ಅಲ್ಲಿಗೆ ಹೋಗಿ ಬಾಣಂತನ ಮಾಡಬೇಕು. ಹೋದರೆ ತಿಂಗಳುಗಟ್ಟಲೆ ಬರುವ ಹಾಗಿಲ್ಲ. ಬಂದಮೇಲೂ ಅವಳ ಮೊಣಕಾಲು ಏನು ಹೇಳುತ್ತದೋ ಕಂಡವರಾರು.

ಆ ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಮತ್ತೆ ಕನ್ನಡಕದ ಪ್ರಸ್ತಾಪ ತೆಗೆದರು. ಅವರ ಓದುವ ಕನ್ನಡಕ ಭಾನುವಾರ ಸಂಜೆಯಿಂದ ಕಾಣೆಯಾಗಿತ್ತು. ನಾನೇ ಎಲ್ಲೋ ಎತ್ತಿಟ್ಟು ಮರೆತಿದ್ದೇನೆಂದು ಅವರ ತೀರ್ಮಾನ. ಅಕ್ಕಿ ಡಬ್ಬ, ದೇವರ ಗೂಡು, ನನ್ನ ಹೊಲಿಗೆ ಮಿಷನ್ನಿನ ಡ್ರಾಯರು ಎಲ್ಲ ತಡಕಿ ಆಗಿತ್ತು. ಪೇಪರನ್ನು ತೋಳುದ್ದ ಹಿಡಿದು ಓದುತ್ತಿದ್ದ ಅವರನ್ನು ಕಂಡು ಅಯ್ಯೋ ಅನಿಸಿ, ಕಾರಿನ ವಿಷಯ ಮತ್ತೆ ಎತ್ತಲಿಲ್ಲ.

ಮಂಗಳವಾರ ಬೆಳಗ್ಗೆ ಮಿಷನ್ನಿನ ಮುಂದೆ ಕೂತೆ. ನಾನು ಮನೆಯಲ್ಲೇ ಸೀರೆಗೆ ಫಾಲ್ಸು ಹಚ್ಚಿ, ರವಿಕೆ ಹೊಲಿದುಕೊಡುತ್ತೇನೆ. ಹೊಲಿಗೆ ತಪ್ಪಿದರೆ ಸೂಜಿ ಮೊಂಡಾಗಿದೆ, ದಾರ ಗಂಟಾದರೆ ಕೆಳಗಿನ ಬಾಬಿನ್ ಸರಿಯಿಲ್ಲ, ಕಟಕಟ ಎಂದರೆ ಎಣ್ಣೆ ಕೇಳುತ್ತಿದೆ ಎಂದು ಕೂತಲ್ಲೇ ಗೊತ್ತಾಗುತ್ತದೆ. ಮಿಷನ್ನಿನ ಮಾತು ಗೊತ್ತಿರುವವಳಿಗೆ ಕಾರಿನ ಮಾತು ಯಾಕೆ ಗೊತ್ತಾಗಬಾರದು ಎಂಬ ಹುಂಬತನ ಆಗಲೇ ತಲೆಗೆ ಬಂದದ್ದು. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಪಕ್ಕದ ಮನೆಯ ನೂರ್‌ಜಾನಳನ್ನು ಕರೆದೆ.

ನೂರ್‌ಜಾನಳ ಮನೆಯಲ್ಲಿ ಒಂದು ಸ್ಕೂಲು ವ್ಯಾನು, ಒಂದು ಗೂಡ್ಸ್ ಟೆಂಪೋ ಇವೆ. ಅವಳ ಗಂಡನ ಹತ್ತಿರ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಯಂತ್ರವಿದೆ. ಅದನ್ನು ಗಾಡಿಗೆ ಸಿಕ್ಕಿಸಿದರೆ, ದೀಪ ಯಾಕೆ ಹತ್ತಿದೆ ಎಂದು ಮೊಬೈಲಿನಲ್ಲಿ ತೋರಿಸುತ್ತದಂತೆ. ಅವಳು ಅದನ್ನು ದುಪಟ್ಟಾದ ತುದಿಯಲ್ಲಿ ಸುತ್ತಿಕೊಂಡು ತಂದಳು.

"ದೀಪ ನೋಡು, ಆಮೆ ಇದ್ದಂಗಿಲ್ವಾ?" ಎಂದು ಕೇಳಿದೆ.

"ಆಮೆ ಎಲ್ಲೈತೆ ಗಿರಿಜಕ್ಕ, ಚಾ ಕೆಟ್ಲು ಅಲ್ವಾ ಅದು? ನೋಡಿ, ಇದು ಮೂತಿ, ಇದು ಹಿಡಿ" ಎಂದಳು. ಹಾಗೂ ಕಾಣುತ್ತಿತ್ತು, ಇಲ್ಲವೆನ್ನಲಾರೆ.

ಯಂತ್ರವನ್ನು ಸಿಕ್ಕಿಸುವ ತೂತು ಸ್ಟೀರಿಂಗಿನ ಕೆಳಗೆ ಎಲ್ಲೋ ಇರುತ್ತದೆಂದು ಮೊಬೈಲಿನ ವಿಡಿಯೋದಲ್ಲಿ ಕೈಗವಸು ಹಾಕಿಕೊಂಡ ಒಬ್ಬ ಮನುಷ್ಯ ಹೇಳಿದ. ಅವನು ಸಲೀಸಾಗಿ ತೋರಿಸಿಬಿಟ್ಟ. ನಾನು ನೈಟಿಯ ಮೇಲೆ ಟವಲ್ ಹೊದ್ದು, ತಲೆಯನ್ನು ಕ್ಲಚ್ಚಿನ ಪಕ್ಕಕ್ಕಿಟ್ಟು, ಕಾಲುಗಳನ್ನು ರಸ್ತೆಯ ಕಡೆ ಚಾಚಿಕೊಂಡು ಹುಡುಕಿದೆ. ಡೇರಿಗೆ ಹಾಲು ಹಾಕಿ ಬರುತ್ತಿದ್ದವರು ನಿಂತು ನೋಡಿದರು. ನೂರ್‌ಜಾನ್ ಅವರಿಗೆಲ್ಲ, "ಏನಿಲ್ಲ, ಓಲೆ ಬಿದ್ದೈತೆ" ಎಂದು ಹೇಳಿ ಸಾಗಹಾಕಿದಳು. ಕೊನೆಗೆ ತೂತು ಸಿಕ್ಕಿತು, ಯಂತ್ರ ಕೂತಿತು, ಅದರ ಮೇಲೊಂದು ನೀಲಿ ಚುಕ್ಕೆ ಮಿಟುಕಿತು.

ಮೊಬೈಲಿನಲ್ಲಿ ಒಂದು ಚಕ್ರ ತಿರುಗತೊಡಗಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಅಮ್ಮ ನಮಗೆ ಜ್ವರ ಬಂದಾಗ ಅಂಗೈ ಮಗುಚಿ ಹಣೆಯ ಮೇಲಿಟ್ಟು, ಎತ್ತಲೋ ನೋಡುತ್ತ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಅವಳು ಏನು ಹೇಳುತ್ತಾಳೋ ಎಂದು ನಾವು ಅವಳ ಮುಖವನ್ನೇ ನೋಡುತ್ತಿದ್ದೆವು. ಸ್ಕೂಲೋ, ಗಂಜಿಯೋ. ಆ ಚಕ್ರ ತಿರುಗುವಷ್ಟು ಹೊತ್ತೂ ನನಗೆ ಅಮ್ಮನ ಅಂಗೈಯೇ ನೆನಪಾಯಿತು.

ಒಂದು ಅಕ್ಷರ, ನಾಲ್ಕು ಅಂಕಿ ಬಂದವು. ಕೆಳಗೆ ಇಂಗ್ಲಿಷಿನಲ್ಲಿ ವಿವರಣೆ. ಎಂಜಿನ್ನಿನ ಒಳಗೆ ಹೋಗುವ ಗಾಳಿ ಎಷ್ಟು ಬಿಸಿಯಿದೆ ಎಂದು ಅಳೆಯುವ ಒಂದು ಸೆನ್ಸರು ಇದೆಯಂತೆ, ಅದರಿಂದ ಸುದ್ದಿಯೇ ಬರುತ್ತಿಲ್ಲವಂತೆ. ಕೈಗವಸಿನ ಮನುಷ್ಯನನ್ನು ಕೇಳಿದರೆ, ಇಲಿ ವೈರು ಕಡಿದಿರಬಹುದು ಅಥವಾ ವೈರಿನ ಪ್ಲಗ್ಗು ಬಿಟ್ಟುಕೊಂಡಿರಬಹುದು, ಏರ್ ಫಿಲ್ಟರಿನ ಹತ್ತಿರ ನೋಡಿ ಎಂದ.

"ಇಲೀನೇ ಕಣೆ. ಸುತ್ತ ಕಬ್ಬಿನ ಗದ್ದೆ, ಇನ್ನೇನಾಯ್ತದೆ" ಎಂದೆ. "ಮಂಜನ್ನ ಕರೆಯೋಣ ಅಂದ್ರೆ ಅವನೂ ನಾಗಮಂಗಲದಲ್ಲವ್ನೆ."

ನೂರ್‌ಜಾನ್ ನನ್ನ ಮುಖ ನೋಡಿದಳು. "ಯಾವ ನಾಗಮಂಗಲ ಅಕ್ಕ? ಬೆಳಗ್ಗೆ ನಮ್ ವ್ಯಾನಿಗೆ ಅವ್ನೇ ಪಂಚರ್ ಹಾಕ್ಕೊಟ್ಟ."

ಮದುವೆ ಬೇಗ ಮುಗಿದಿರಬೇಕು ಎಂದುಕೊಂಡೆ. ಮನಸ್ಸು ಎಷ್ಟು ಸಲೀಸಾಗಿ ಸಮಾಧಾನ ಹುಡುಕಿಕೊಳ್ಳುತ್ತದೆ ನೋಡಿ.

ಬಾನೆಟ್ಟು ಎತ್ತಿ ಕಂಬಿ ಊರಿದೆ. ಎತ್ತಿದ್ದೇ ತಡ, ಹೊಗೆಸೊಪ್ಪಿನ ವಾಸನೆ ಮುಖಕ್ಕೆ ಹೊಡೆಯಿತು. ನಮ್ಮ ಕಡೆ ಇಲಿ ಬಾರದಿರಲಿ ಎಂದು ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಎಂಜಿನ್ನಿನ ಪಕ್ಕ ನೇತುಹಾಕುತ್ತಾರೆ. ಯಜಮಾನರು ಭಾನುವಾರ ಹೊಸ ಗಂಟು ಕಟ್ಟಿದ್ದರು, ಅದು ನನಗೆ ಗೊತ್ತಿತ್ತು. ಆ ವಾಸನೆ ನಮ್ಮಜ್ಜಿಯದು. ನಾಗಮಂಗಲದ ಕಡೆಯ ರಾಗಿ ಹೊಲದ ಊರಿನಲ್ಲಿ ಅಜ್ಜಿ ಎಲೆಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ರಜೆಗೆ ಹೋದ ನಮ್ಮನ್ನು ಹತ್ತಿರ ಕರೆದು, ನೆತ್ತಿ ಮೂಸಿ, "ಇವ್ಳಿಗೆ ನಾಳೀಕೆ ಜರ ಬತ್ತದೆ, ನೀರಿಗಾಕ್ಬ್ಯಾಡ" ಎನ್ನುತ್ತಿದ್ದಳು. ಮಾರನೆಯ ದಿನ ಜ್ವರ ಬಂದೇ ಬರುತ್ತಿತ್ತು. ನೆತ್ತಿಯಲ್ಲಿ ಏನಿರುತ್ತಿತ್ತೋ, ಅಜ್ಜಿ ಹೋದಮೇಲೆ ಯಾರೂ ನನ್ನ ನೆತ್ತಿ ಮೂಸಿಲ್ಲ. ನಾನು ಬಾನೆಟ್ಟಿನ ಕೆಳಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡು ನಿಂತಿದ್ದೆ.

"ಗಿರಿಜಕ್ಕ, ನಿದ್ದೆ ಬಂತಾ?" ಎಂದಳು ನೂರ್‌ಜಾನ್.

ಕಣ್ಣು ಬಿಟ್ಟು ಹುಡುಕಿದೆ. ಗಾಳಿ ಹೋಗುವ ಕರಿ ಪೆಟ್ಟಿಗೆ ಸಿಕ್ಕಿತು. ಅದರ ಪಕ್ಕದಲ್ಲಿ ಬೆರಳ ತುದಿಯಷ್ಟು ಸೆನ್ಸರು, ಬೋಳಾಗಿ ಕೂತಿತ್ತು. ಅದಕ್ಕೆ ಸೇರಬೇಕಾದ ವೈರು ಒಂದು ಪ್ಲಗ್ಗಿನ ಸಮೇತ ಕೆಳಗೆ ನೇತಾಡುತ್ತಿತ್ತು. ಹಲ್ಲಿನ ಗುರುತಿಲ್ಲ, ಕಡಿತವಿಲ್ಲ. ಪ್ಲಗ್ಗಿಗೊಂದು ಪುಟ್ಟ ನಾಲಿಗೆ, ಅದನ್ನು ಹೆಬ್ಬೆರಳಿನಿಂದ ಅದುಮಿ ಎಳೆದರೆ ಮಾತ್ರ ಬಿಟ್ಟುಕೊಳ್ಳುವಂಥದು. ನಾನು ಇಷ್ಟು ವರ್ಷ ರವಿಕೆಗಳಿಗೆ ಟಿಚ್ ಬಟನ್ ಹಾಕಿದವಳು. ಯಾವುದು ತಾನಾಗಿ ಬಿಚ್ಚಿಕೊಂಡಿದೆ, ಯಾವುದನ್ನು ಕೈ ಬಿಚ್ಚಿದೆ ಎಂಬುದು ನನಗೆ ಗೊತ್ತಾಗದೆ ಇರುವುದಿಲ್ಲ. ಇಲಿಗೆ ಹೆಬ್ಬೆರಳಿಲ್ಲ.

ಅಷ್ಟರಲ್ಲಿ ನೂರ್‌ಜಾನ್ ಬ್ಯಾಟರಿಯ ಸಂದಿಯಿಂದ ಏನನ್ನೋ ಎತ್ತಿದಳು. ದುಪಟ್ಟಾದಿಂದ ಧೂಳು ಒರೆಸಿ ನನ್ನ ಕೈಗಿಟ್ಟಳು. ಯಜಮಾನರ ಓದುವ ಕನ್ನಡಕ.

ಅವರು ಬಗ್ಗಿದಾಗ ಜೇಬಿನಿಂದ ಜಾರಿದೆ. ಭಾನುವಾರ ಸಂಜೆ. ಹೊಗೆಸೊಪ್ಪಿನ ಗಂಟು ಕಟ್ಟಿ, ಪ್ಲಗ್ಗು ಕಿತ್ತು, ಸೋಮವಾರ ಹೊಂಗೆ ಮರದ ಕೆಳಗೆ ದೀಪಕ್ಕಾಗಿ ಕಾದು ನಿಂತಿದ್ದಾರೆ. ಮಂಜನನ್ನು ಮದುವೆಗೂ ಕಳಿಸಿದ್ದಾರೆ. ನೂರ್‌ಜಾನ್ ಒಂದು ಮಾತೂ ಕೇಳದೆ, "ನಮ್ಮನೇಲೂ ಐಸಾಚ್, ಹಿಂಗೇ ಅಕ್ಕ. ಬೇಡ ಅಂತ ಬಾಯಲ್ಲಿ ಹೇಳಲ್ಲ, ಪೆಟ್ರೋಲ್ ಇಲ್ಲ ಅಂತಾರೆ" ಎಂದಳು. ನನಗೆ ನಗು ಬಂತು. ನಗು ಮುಗಿಯುವ ಮುಂಚೆ ಸಿಟ್ಟು ಬಂತು. ಸಿಟ್ಟು ಬಂದದ್ದನ್ನು ಮುಚ್ಚಿಡಲಾರೆ. ಅಕ್ಕನ ಒಂದೇ ಒಂದು ದಿನವನ್ನು ಎರಡು ಬೆರಳಿನಲ್ಲಿ ಕಿತ್ತು ನೇತುಹಾಕಿದ್ದರಲ್ಲ ಎಂದು.

ಪ್ಲಗ್ಗನ್ನು ಸೆನ್ಸರಿಗೆ ಒತ್ತಿದೆ. ಟಿಚ್ ಎಂದು ಕೂತುಕೊಂಡಿತು. ಮೊಬೈಲಿನಲ್ಲಿ ಅಳಿಸು ಎಂದು ಒತ್ತಿದೆ. ಕೀಲಿ ತಿರುಗಿಸಿದಾಗ ಎಲ್ಲ ದೀಪಗಳ ಜೊತೆ ಆಮೆಯೂ ಒಮ್ಮೆ ಬಂತು, ಎಂಜಿನ್ನು ಶುರುವಾದ ಮೇಲೆ ಮಾಯವಾಯಿತು.

ಸಂಜೆಯವರೆಗೆ ಜಗಳವನ್ನು ತಯಾರು ಮಾಡಿಟ್ಟುಕೊಂಡೆ. ಹೊಲಿಯುತ್ತ ಹೊಲಿಯುತ್ತ ಒಂದೊಂದೇ ಮಾತನ್ನು ಪೋಣಿಸಿದ್ದೆ. ಆದರೆ ಹೊಲಿಗೆಯ ನಡುವೆ ಮನಸ್ಸು ಮತ್ತೆ ಜಾರಿತು. ಹೋದ ತಿಂಗಳು ನಾಲೆ ಏರಿಯ ರಸ್ತೆಯಲ್ಲಿ ಕಬ್ಬು ಹೇರಿದ ಟ್ರಾಕ್ಟರೊಂದು ಎದುರು ಬಂದಿತ್ತು. ಜಾಗ ಬಿಡಲು ಹೋಗಿ ನಾನು ನೀರಿನ ಅಂಚಿಗೆ ತೀರ ಹತ್ತಿರ ಹೋಗಿಬಿಟ್ಟಿದ್ದೆ. ಏನೂ ಆಗಲಿಲ್ಲ. ನಾನು ಅದನ್ನು ಅಲ್ಲೇ ಮರೆತೆ. ಯಜಮಾನರು ಮನೆಗೆ ಬಂದು ಚೊಂಬಿನ ನೀರನ್ನು ಗಟಗಟ ಕುಡಿದು, ಊಟ ಬೇಡ ಎಂದು ಮಲಗಿದ್ದರು. ಬಿಸಿಲು ಹೆಚ್ಚಾಯಿತೆಂದು ನಾನು ನಿಂಬೆ ಪಾನಕ ಮಾಡಿಕೊಟ್ಟಿದ್ದೆ. ಅಂಥ ದಡ್ಡಿ ನಾನು.

ಅವರು ಗದ್ದೆಯಿಂದ ಬಂದು ಜಗಲಿಯ ಮೇಲೆ ಪೇಪರು ಹಿಡಿದು ಕೂತರು. ಟೀ ಲೋಟದ ಜೊತೆ ಕನ್ನಡಕವನ್ನೂ ಮುಂದಿಟ್ಟೆ.

"ಸಿಕ್ತು" ಎಂದೆ.

"ಎಲ್ಲಿತ್ತು?"

"ಬ್ಯಾಟರಿ ಪಕ್ಕ."

ಅವರು ಕನ್ನಡಕ ಎತ್ತಿಕೊಂಡು ಟವಲಿನ ಅಂಚಿನಿಂದ ಒರೆಸಿದರು. ಒಂದು ಗಾಜು ಒರೆಸಿ, ಇನ್ನೊಂದು ಒರೆಸಿ, ಮತ್ತೆ ಮೊದಲನೆಯದನ್ನು ಒರೆಸಿದರು. ಟೀ ಆರಿತು.

"ಲೈಟು?"

"ಓಯ್ತು."

"ಹೂಂ" ಎಂದರು. ಅಷ್ಟೇ. ನಾನು ಪೋಣಿಸಿಟ್ಟಿದ್ದ ಮಾತುಗಳನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಒಳಗೆ ಬಂದೆ. ಕಳ್ಳತನದಲ್ಲಿ ಸಿಕ್ಕಿಬಿದ್ದ ಮನುಷ್ಯನ ಜೊತೆ ಜಗಳವಾಡಬಹುದು, ಹೆದರಿ ಕೂತ ಮನುಷ್ಯನ ಜೊತೆ ಹೇಗೆ ಆಡುವುದು. ಹಾಗೆಂದು ಸಿಟ್ಟೂ ಹೋಗಿರಲಿಲ್ಲ. ಬುಧವಾರ ಹೋಗಿಯೇ ಹೋಗುತ್ತೇನೆ ಎಂದು ಒಗ್ಗರಣೆಯ ಸದ್ದಿನ ಮೇಲೂ ಜಗಲಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.

ಬೆಳಗ್ಗೆ ನಾನು ಚಿತ್ರಾನ್ನದ ಡಬ್ಬಿ ಹಿಡಿದು ಹೊರಗೆ ಬಂದಾಗ ಅವರು ಕಾರಿನ ಮುಂದಿನ ಗಾಜು ಒರೆಸುತ್ತಿದ್ದರು. ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿದರು. ನೀರಿನ ಬಾಟ್ಲಿ ತಂದು ಒಳಗಿಟ್ಟರು. ನಾನು ಸ್ಟೀರಿಂಗಿನ ಮುಂದೆ ಕೂತು ಎಡಕ್ಕೆ ನೋಡಿದೆ. ಸೀಟು ಖಾಲಿಯಿತ್ತು. ಹಸಿರು ಗೀರಿನ ಟವಲ್ ಅವರ ಹೆಗಲ ಮೇಲಿತ್ತು.

"ನಾಲೆ ಮ್ಯಾಲೆ ಆರನ್ ಮಾಡ್ಕೊಂಡು ಓಗು" ಎಂದರು. ನಾನು ತಲೆಯಾಡಿಸಿ ಕಾರು ತೆಗೆದೆ.

ದಾರಿಯಲ್ಲಿ ಚಳಿಗಾಲದ ಎಳೆ ಬಿಸಿಲು. ಕಟಾವಾದ ಭತ್ತದ ಗದ್ದೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಆಲೆಮನೆಯ ಹೊಗೆ, ಬೆಲ್ಲದ ವಾಸನೆ. ಕಬ್ಬಿನ ಟ್ರಾಕ್ಟರುಗಳು ಬಂದವು, ನಾನು ಜಾಗವಿರುವ ಕಡೆ ನಿಂತು ಅವನ್ನು ಹೋಗಲು ಬಿಟ್ಟೆ. ಚಿನಕುರಳಿ ಹೋಯಿತು, ಬೂಕನಕೆರೆ ಹೋಯಿತು. ಪಕ್ಕದಲ್ಲಿ ಯಾರೂ ಬ್ರೇಕು ತುಳಿಯುತ್ತಿರಲಿಲ್ಲ. ಹಗುರವಾಗಿತ್ತು, ಒಂದು ಚೂರು ಬಿಕೋ ಎಂದೂ ಎನಿಸಿತು.

ಅಕ್ಕ ಗೇಟಿನಲ್ಲೇ ನಿಂತಿದ್ದಳು. ರೇಷ್ಮೆ ಸೀರೆ ಉಟ್ಟು, ಮೊಳ ಕಾಕಡ ಹೂವು ಮುಡಿದು, ಮದುವೆಗೆ ಹೊರಟವಳ ಹಾಗೆ. ಕಾರು ನಿಂತದ್ದೇ ನಮ್ಮ ಭಾವ ಅಭ್ಯಾಸಬಲದಿಂದ ಬಂದು ಮುಂದಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟರು.

"ನೀವೆಲ್ಲಿಗೆ?" ಎಂದಳು ಅಕ್ಕ.

"ನಾನೂ ಅಂಗೇ ಒಂದ್ ಸುತ್ತು ಬತ್ತಿದ್ದೆ."

"ಸಾರು ಒಲೆ ಮ್ಯಾಲದೆ, ಉಕ್ಕುತ್ತೆ. ನೋಡ್ಕೊಳ್ಳಿ."

ಭಾವ ಕಾಲು ತೆಗೆದರು. ಅಕ್ಕ ಸೆರಗು ಸುತ್ತಿಕೊಂಡು, ಮೊದಲು ಕೂತು, ಆಮೇಲೆ ಎರಡು ಕಾಲನ್ನೂ ಒಟ್ಟಿಗೆ ಒಳಗೆ ತಂದಳು. ಸೀಟುಬೆಲ್ಟು ಹಾಕಿದೆ. ಅವಳು ಅದನ್ನು ಮುಟ್ಟಿ ನೋಡಿಕೊಂಡಳು. ಹೊರಟ ಮೇಲೆ ನಾನು ಒಂದೆರಡು ಸಲ ತಿರುಗಿ ನೋಡಿದೆ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಕತ್ತು ನೆಟ್ಟಗೆ ಮಾಡಿ, ಮುಂದಕ್ಕೆ ನೋಡುತ್ತಿದ್ದಳು. ಹೊಲಗಳು, ತೆಂಗಿನ ಸಾಲು, ಸೈಕಲ್ಲಿನ ಹುಡುಗಿಯರು, ರಾಗಿ ಹುಲ್ಲಿನ ಮೆದೆಗಳು ಒಂದೊಂದಾಗಿ ಬಂದು ಅವಳ ಎರಡೂ ಕಡೆ ಹಾದುಹೋಗುತ್ತಿದ್ದವು.

ಹೇಮಗಿರಿಯಲ್ಲಿ ಹೇಮಾವತಿ ಹೊಳೆ ಕಟ್ಟೆಯ ಮೇಲೆ ಸಣ್ಣಗೆ ಸುರಿಯುತ್ತಿತ್ತು. ಹೊಳೆ ಕಾಣುವ ಹಾಗೆ ಮರದ ಕೆಳಗೆ ಕಾರು ನಿಲ್ಲಿಸಿ, ಇಳಿ ಅಕ್ಕ, ಕಾಲು ನೀರಿಗಿಡೋಣ ಎಂದೆ.

"ನಾನಿಳಿಯಲ್ಲ ಕಣೆ. ಇಲ್ಲಿಂದ್ಲೇ ಎಲ್ಲ ಕಾಣ್ತದೆ" ಎಂದಳು. ಚಿತ್ರಾನ್ನವನ್ನೂ ಅಲ್ಲೇ ಕೂತು ತಿಂದಳು. ಒಂದು ಅಗುಳೂ ಸೀಟಿನ ಮೇಲೆ ಬೀಳದ ಹಾಗೆ ಸೆರಗು ಹಾಸಿಕೊಂಡಿದ್ದಳು.

ನಾನು ಕೈ ತೊಳೆಯಲು ಹೊಳೆಯ ಕಡೆ ಹೋದಾಗ ಫೋನು ಬಂತು. ಯಜಮಾನರು.

"ಲೈಟು ಬಂತಾ?"

"ಇಲ್ಲ ರೀ."

ಆ ಕಡೆ ಪಂಪ್‌ಸೆಟ್ಟಿನ ಸದ್ದು ಕೇಳುತ್ತಿತ್ತು. ನೀರು ಬೀಳುವ ಸದ್ದು ಈ ಕಡೆಯೂ ಇತ್ತು.

"ಗಿರಿಜಾ, ನಂಗೆ ದಿಗಿಲಾಯ್ತದೆ ಕಣಮ್ಮಿ. ಆವತ್ತು ನಾಲೆ ತಾವ ನೀನು ಓಗೇ ಬುಟ್ಟೆ ಅಂದ್ಕಂಡೆ. ಅದ್ಕೇ ಅಂಗ್ ಮಾಡ್ದೆ."

ಮೂವತ್ತು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ದಿಗಿಲು ಎಂಬ ಮಾತು ನಾನು ಕೇಳಿರಲಿಲ್ಲ. ಮುಂಚೆಯೇ ಕೂಗಿ ಹೇಳುವ ಸೈರನ್ನಿಗೆ ಅಪ್ಪ ಯಾಕೆ ನಗುತ್ತಿದ್ದರು ಎಂದು ಆ ಹೊಳೆಯ ದಂಡೆಯಲ್ಲಿ ನನಗೆ ಅರ್ಥವಾಯಿತು. ಸಿಟ್ಟು ಎಲ್ಲಿತ್ತೆಂದು ಹುಡುಕಿದರೆ ಸಿಗಲಿಲ್ಲ.

"ನಂಗೂ ಆಯ್ತದೆ ರೀ" ಎಂದೆ. "ನಿಧಾನಕ್ಕೇ ಬತ್ತೀನಿ. ಇನ್ಮ್ಯಾಕೆ ಬಾಯಲ್ಲೇ ಏಳಿ."

"ಹೂಂ. ಅನ್ನಕ್ಕಿಟ್ಟಿರ್ತೀನಿ" ಎಂದರು. ಅವರಿಗೆ ಅನ್ನಕ್ಕಿಡಲು ಬರುವುದಿಲ್ಲ. ಆದರೂ ಆಗಲಿ ಎಂದೆ.

ಕಾರಿಗೆ ಬಂದು ಕೂತೆ. "ಯಾರೇ ಅದು?" ಎಂದು ಅಕ್ಕ ಹೊಳೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಇವ್ರು. ಹೆದ್ರಿಕೆ ಆಯ್ತದಂತೆ."

"ಆಯ್ತದೆ ಕಣೆ. ಮುಂದೆ ಕುಂತೋರಿಗೆ ಆಯ್ತದೆ. ನಾನೂ ದಾರಿ ಉದ್ದಕ್ಕೂ ಕಾಲು ಒತ್ಕಂಡೇ ಬಂದೆ." ಅವಳು ಸೆರಗು ಸರಿಸಿ ಪಾದ ತೋರಿಸಿದಳು. ಯಜಮಾನರ ಹಿಮ್ಮಡಿ ಸವೆಸಿದ ಜಾಗದಲ್ಲೇ ಅವಳ ಬಲಪಾದವೂ ಇತ್ತು. "ನೀ ಅವಾಗ ಏಳಿದ್ದು ಸುಳ್ಳಲ್ಲ. ರಸ್ತೆ ಒಳಕ್ಕೇ ಬತ್ತದೆ. ಎದೆ ಒಳಕ್ಕೇ ಬತ್ತದೆ."

ನಾನು ಕೀಲಿಗೆ ಕೈ ಹಾಕಿದೆ.

"ಬಂದ ದಾರೀಲಿ ಬ್ಯಾಡ" ಎಂದಳು ಅಕ್ಕ. "ಸುತ್ತಾಕ್ಕೊಂಡು ಓಗು."

ಕೀಲಿ ತಿರುಗಿಸಿದೆ. ದೀಪಗಳೆಲ್ಲ ಒಮ್ಮೆ ಬಂದು, ಎಂಜಿನ್ನು ಹೊರಟಿದ್ದೇ ಆರಿದವು. ನಾನು ಅವಳಿಗೆ ದೀಪದ ಸುದ್ದಿಯನ್ನೇ ಹೇಳಿರಲಿಲ್ಲ. ಅಕ್ಕ ಸ್ಟೀರಿಂಗಿನ ಕಡೆ ಬಾಗಿ, ಆರಿದ ಜಾಗವನ್ನೇ ನೋಡಿದಳು.

"ಅಲ್ಲೊಂದು ಆಮೆ ಇತ್ತು ಕಣೆ ಗಿರಿಜಾ" ಎಂದಳು. "ಎಲ್ಲೋಯ್ತು?"